ಓದುಗರ ಪ್ರಶ್ನೋತ್ತರ: ಡೇಟಾಬೇಸ್ ನಿಧಾನವಾದಾಗ ಹಣ ಯಾವುದಕ್ಕೆ ಹಾಕಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಡೇಟಾಬೇಸ್‌ನ ವೇಗಕ್ಕೆ ಸಂಬಂಧಿಸಿದವೇ ಹೆಚ್ಚಾಗಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪ್ರಶ್ನೆಗಳನ್ನು ಸ್ಥಳಾಭಾವದಿಂದ ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಮ್ಮದು ಔಷಧಿಗಳ ಸಗಟು ವ್ಯಾಪಾರ. ಬಿಲ್ಲಿಂಗ್ ಮತ್ತು ದಾಸ್ತಾನಿನ ತಂತ್ರಾಂಶ ಮೈಎಸ್‌ಕ್ಯೂಎಲ್ ಮೇಲೆ ನಡೆಯುತ್ತದೆ. ಡೇಟಾಬೇಸ್‌ನ ಗಾತ್ರ ಸುಮಾರು 60 ಜಿಬಿ. ಸರ್ವರ್‌ನಲ್ಲಿ 8 ಕೋರ್, 16 ಜಿಬಿ ರ‍್ಯಾಮ್ ಹಾಗೂ 7200 ಆರ್‌ಪಿಎಂನ ಎರಡು ಹಾರ್ಡ್ ಡಿಸ್ಕ್‌ಗಳಿವೆ. ತಿಂಗಳ ಕೊನೆಯ ವರದಿ ತೆಗೆಯಲು ಐದಾರು ನಿಮಿಷ ಬೇಕಾಗುತ್ತದೆ. ಆ ಹೊತ್ತಿನಲ್ಲಿ ಬಿಲ್ ಹಾಕುವವರ ಕೆಲಸವೂ ನಿಂತಂತಾಗುತ್ತದೆ. ಆದರೆ ಸಿಪಿಯು ಬಳಕೆ ಶೇಕಡಾ 15ನ್ನು ದಾಟುವುದಿಲ್ಲ. ಮಾರಾಟಗಾರರು 16 ಕೋರ್‌ಗಳ ಹೊಸ ಸರ್ವರ್ ಕೊಳ್ಳಲು ಹೇಳುತ್ತಿದ್ದಾರೆ. ಕೊಳ್ಳಬಹುದೇ? (ಒಬ್ಬ ಓದುಗರು, ಹುಬ್ಬಳ್ಳಿ)

ಉತ್ತರ: ಸದ್ಯಕ್ಕೆ ಆರ್ಡರ್ ಕೊಡಬೇಡಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗವಿದೆ: ವರದಿ ತೆವಳುತ್ತಿರುವಾಗಲೂ ಸಿಪಿಯು ಶೇಕಡಾ 15ರಲ್ಲಿದೆಯೆಂದರೆ, ಇರುವ ಕೋರ್‌ಗಳೇ ಕೆಲಸವಿಲ್ಲದೆ ಕಾಯುತ್ತಿವೆ. ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಒಂದು ಪ್ರಶ್ನೆ) ಬಹುಮಟ್ಟಿಗೆ ಒಂದೇ ಕೋರ್‌ನ ಮೇಲೆ ಓಡುತ್ತದೆ. ಕೋರ್‌ಗಳು ದುಪ್ಪಟ್ಟಾದರೆ ಒಮ್ಮೆಗೇ ಹೆಚ್ಚು ಮಂದಿ ಬಿಲ್ ಹಾಕಲು ಅನುಕೂಲವಾದೀತೇ ಹೊರತು, ಆ ಒಂದು ವರದಿ ಬೇಗ ಮುಗಿಯುವುದಿಲ್ಲ. ನಿಮ್ಮ ಸಿಪಿಯು ಕಾಯುತ್ತಿರುವುದು ಡಿಸ್ಕ್‌ಗಾಗಿ ಎಂಬುದು ನನ್ನ ಊಹೆ. ಅದನ್ನು ಖಚಿತಪಡಿಸಿಕೊಳ್ಳಲು ವರದಿ ಓಡುತ್ತಿರುವಾಗಲೇ ಲಿನಕ್ಸ್‌ನ ಐಒಸ್ಟ್ಯಾಟ್ ಆದೇಶವನ್ನು ಕೊಟ್ಟು, ಡಿಸ್ಕ್ ಶೇಕಡಾ ಎಷ್ಟು ಕಾಲ ದುಡಿಯುತ್ತಿದೆ ಮತ್ತು ಒಂದೊಂದು ಓದಿಗೆ ಎಷ್ಟು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿದೆ ಎಂಬ ಎರಡು ಅಂಕಣಗಳನ್ನು ನೋಡಿ.

ಡಿಸ್ಕ್‌ನ ಲೆಕ್ಕವನ್ನು ಕಾಗದದ ಮೇಲೆಯೇ ಮಾಡಬಹುದು. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು 8 ಮಿಲಿಸೆಕೆಂಡ್ ಆಗುತ್ತದೆ. ಎರಡೂ ಸೇರಿ ಸುಮಾರು 12 ಮಿಲಿಸೆಕೆಂಡ್. ಅಂದರೆ ಅಲ್ಲಲ್ಲಿ ಚದುರಿದ ಪುಟಗಳನ್ನು (ಡೇಟಾಬೇಸ್ ಒಮ್ಮೆಗೆ ಓದುವ ಮಾಹಿತಿಯ ತುಂಡುಗಳನ್ನು) ಓದುವಾಗ ಸೆಕೆಂಡಿಗೆ 80ರಷ್ಟೇ ಓದುಗಳು ಸಾಧ್ಯ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ ಕಾರಣ ಅದೇ ಓದಿಗೆ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಸಾಕು. ಪುಟ ರ‍್ಯಾಮ್‌ನಲ್ಲೇ ಇದ್ದರೆ ಆ ಕಾಲವೂ ಲೆಕ್ಕಕ್ಕೆ ಬಾರದಷ್ಟು ಚಿಕ್ಕದಾಗುತ್ತದೆ.

ಈಗ ನಿಮ್ಮ ವರದಿಗೆ 5,00,000 ಪುಟಗಳು ಬೇಕು ಎಂದಿಟ್ಟುಕೊಳ್ಳೋಣ. ಅದರಲ್ಲಿ ಶೇಕಡಾ 99 ರ‍್ಯಾಮ್‌ನಲ್ಲೇ ಸಿಕ್ಕಿದರೂ 5,000 ಪುಟಗಳಿಗಾಗಿ ಡಿಸ್ಕ್‌ಗೆ ಹೋಗಬೇಕು. ಸೆಕೆಂಡಿಗೆ 80ರಂತೆ ಒಂದು ನಿಮಿಷ ದಾಟುತ್ತದೆ. ಶೇಕಡಾ 95 ಮಾತ್ರ ಸಿಕ್ಕಿದರೆ 25,000 ಪುಟಗಳು, ಐದು ನಿಮಿಷಕ್ಕೂ ಹೆಚ್ಚು. ಶೇಕಡಾ 95 ಮತ್ತು 99 ಕೇಳಲು ಒಂದಕ್ಕೊಂದು ಹತ್ತಿರವಿದ್ದರೂ ಕಾಯುವ ಸಮಯದಲ್ಲಿ ಐದು ಪಟ್ಟು ಅಂತರವಿದೆ. ರ‍್ಯಾಮ್‌ನಲ್ಲಿ ಸಿಕ್ಕಿದ ಪಾಲನ್ನಲ್ಲ, ಸಿಗದೆ ಹೋದ ಪಾಲನ್ನೇ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಅದೇ 5,000 ಪುಟಗಳನ್ನು ಎಸ್‌ಎಸ್‌ಡಿಯಿಂದ ಓದಿದರೆ ಅರ್ಧ ಸೆಕೆಂಡಿನ ಕೆಲಸ.

ಹಣ ಖರ್ಚು ಮಾಡುವ ಮೊದಲು ಒಂದು ಸೆಟ್ಟಿಂಗ್ ನೋಡಿ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಭಾಗವು ಪುಟಗಳನ್ನು ಇರಿಸಿಕೊಳ್ಳುವ ಬಫರ್ ಪೂಲ್‌ನ ಗಾತ್ರ, ಯಾರೂ ಮುಟ್ಟದಿದ್ದರೆ, ಕೇವಲ 128 ಎಂಬಿ. ಸರ್ವರ್‌ನಲ್ಲಿ 16 ಜಿಬಿ ಇದ್ದರೂ ಡೇಟಾಬೇಸ್ ಅದನ್ನು ತಾನಾಗಿ ಕೇಳಿ ಪಡೆಯುವುದಿಲ್ಲ. ಡೇಟಾಬೇಸ್‌ಗೆಂದೇ ಮೀಸಲಾದ ಯಂತ್ರದಲ್ಲಿ ರ‍್ಯಾಮ್‌ನ ಶೇಕಡಾ 70ರಿಂದ 80ರವರೆಗೆ ಬಫರ್ ಪೂಲ್‌ಗೆ ಕೊಡುವ ರೂಢಿಯಿದೆ. ನಿಮ್ಮ ಬಿಲ್ಲಿಂಗ್ ತಂತ್ರಾಂಶವೂ ಅದೇ ಯಂತ್ರದಲ್ಲಿದ್ದರೆ 8 ಜಿಬಿಯಿಂದ ಆರಂಭಿಸಿ. ಅತಿಯಾಗಿ ಕೊಟ್ಟು ಯಂತ್ರ ಸ್ವಾಪ್‌ಗೆ (ಮೆಮೊರಿ ಸಾಲದೆ ಡಿಸ್ಕನ್ನು ಬಳಸುವುದಕ್ಕೆ) ಇಳಿದರೆ, ರ‍್ಯಾಮ್‌ನಲ್ಲಿದೆ ಎಂದು ಡೇಟಾಬೇಸ್ ನಂಬಿಕೊಂಡ ಪುಟವೇ ಡಿಸ್ಕ್‌ನಿಂದ ಬರಬೇಕಾಗುತ್ತದೆ, ಆಗ ಸ್ಥಿತಿ ಮೊದಲಿಗಿಂತ ಕೆಡುತ್ತದೆ. ಬಳಿಕ ಎರಡು ಎಣಿಕೆಗಳನ್ನು ವಾರವಿಡೀ ಬರೆದಿಡಿ: ಬಫರ್ ಪೂಲ್‌ಗೆ ಬಂದ ಒಟ್ಟು ಓದಿನ ಕೋರಿಕೆಗಳು ಮತ್ತು ಅವುಗಳಲ್ಲಿ ಡಿಸ್ಕ್‌ವರೆಗೆ ಹೋದವು. ಎರಡನ್ನೂ ಮೈಎಸ್‌ಕ್ಯೂಎಲ್ ತಾನೇ ಲೆಕ್ಕವಿಡುತ್ತದೆ.

ಇದರ ಜೊತೆಗೇ ನಿಧಾನ ಕ್ವೆರಿಗಳ ದಾಖಲೆಯನ್ನು ಚಾಲೂ ಮಾಡಿ. ಅದು ಮೊದಲಿಗೆ ಮುಚ್ಚಿರುತ್ತದೆ. ತೆರೆದರೂ 10 ಸೆಕೆಂಡ್ ಮೀರಿದವನ್ನಷ್ಟೇ ಬರೆಯುತ್ತದೆ. ಆ ಮಿತಿಯನ್ನು 1 ಸೆಕೆಂಡಿಗೆ ಇಳಿಸಿ. ದಿನಾಂಕದ ಅಂಕಣಕ್ಕೆ ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ) ಇಲ್ಲದೆ ಇಡೀ ಬಿಲ್ ಟೇಬಲ್ಲನ್ನು ಮೊದಲಿಂದ ಕೊನೆಯವರೆಗೆ ಓದುತ್ತಿರುವ ಒಂದು ಕ್ವೆರಿ ಸಿಕ್ಕರೆ, ಅಲ್ಲಿ ಸೇರಿಸಿದ ಒಂದು ಇಂಡೆಕ್ಸ್ ಯಾವ ಸರ್ವರ್‌ಗಿಂತಲೂ ಹೆಚ್ಚಿನ ಕೆಲಸ ಮಾಡುತ್ತದೆ. ಬಿಲ್ ಹಾಕುವವರು ತಡವರಿಸುವುದು ಏಕೆಂಬುದೂ ಇಲ್ಲಿಂದಲೇ ತಿಳಿಯುತ್ತದೆ. ದೊಡ್ಡ ಓದೊಂದು ಬಂದು ನಿತ್ಯ ಬಳಕೆಯ ಪುಟಗಳನ್ನೆಲ್ಲ ಹೊರದಬ್ಬದಂತೆ ಇನ್ನೋಡಿಬಿ ಹೊಸ ಪುಟಗಳನ್ನು ಪಟ್ಟಿಯ ಮೇಲ್ತುದಿಗೆ ಹಾಕದೆ ಕೆಳಗಿನ ಭಾಗಕ್ಕೆ ಸೇರಿಸುತ್ತದೆ. ಆದರೆ ಪೂಲ್ ತೀರಾ ಚಿಕ್ಕದಿದ್ದರೆ ಆ ಜಾಣತನಕ್ಕೂ ಎಡೆಯಿರುವುದಿಲ್ಲ.

ಇಷ್ಟಾದ ಮೇಲೂ ಕೊಳ್ಳಬೇಕೆನಿಸಿದರೆ ಈಗಿನ ಸರ್ವರ್‌ನ ರ‍್ಯಾಮನ್ನು 64 ಜಿಬಿಗೆ ಏರಿಸಿ, ಹಾರ್ಡ್ ಡಿಸ್ಕ್‌ಗಳ ಜಾಗದಲ್ಲಿ ಒಂದರ ಪಡಿಯಚ್ಚಾಗಿ ಇನ್ನೊಂದು ಇರುವಂತೆ ಎರಡು ಎಸ್‌ಎಸ್‌ಡಿಗಳನ್ನು ಹಾಕಿಸಿ. ರ‍್ಯಾಮ್ ಇಸಿಸಿ (ಮೆಮೊರಿಯ ಸಣ್ಣ ತಪ್ಪನ್ನು ತಾನೇ ತಿದ್ದುವ) ಬಗೆಯದ್ದೇ ಆಗಿರಲಿ. 60 ಜಿಬಿ ಡೇಟಾಬೇಸ್‌ನಲ್ಲಿ ದಿನನಿತ್ಯ ಕೈಯಾಡುವ ಭಾಗ ಕಳೆದ ಕೆಲವು ತಿಂಗಳ ಬಿಲ್ಲುಗಳು ಮತ್ತು ದಾಸ್ತಾನು ಮಾತ್ರ, ಅದು ಪೂರ್ತಿಯಾಗಿ ರ‍್ಯಾಮ್‌ನಲ್ಲಿ ಕೂರುತ್ತದೆ. 1987ರಲ್ಲಿ ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಜೊಲು ಅವರು ಅಂದಿನ ಬೆಲೆಗಳ ಆಧಾರದ ಮೇಲೆ, ಐದು ನಿಮಿಷಕ್ಕೊಮ್ಮೆಯಾದರೂ ಬೇಕಾಗುವ ಪುಟವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವುದೇ ಅಗ್ಗ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಬೆಲೆಗಳು ಬದಲಾಗಿದ್ದರೂ ಪ್ರಶ್ನೆಯನ್ನು ಅವರು ಇಟ್ಟ ಬಗೆ ಇಂದಿಗೂ ಸರಿಯಾಗಿದೆ: ಈ ಪುಟ ಎಷ್ಟು ಹೊತ್ತಿಗೊಮ್ಮೆ ಬೇಕು?

ಪ್ರಶ್ನೆ: ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ನಲ್ಲಿ ಸಂಪರ್ಕಗಳ ಮಿತಿಯನ್ನು 100ರಿಂದ 1000ಕ್ಕೆ ಏರಿಸಿದೆವು. ಸರ್ವರ್‌ನಲ್ಲಿ 8 ಕೋರ್‌ಗಳಿವೆ. ವೇಗ ಹೆಚ್ಚುವ ಬದಲು ಕುಸಿಯಿತು, ಏಕೆ? (ಒಬ್ಬ ಓದುಗರು, ಕಲಬುರಗಿ)

ಉತ್ತರ: ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಸಂಪರ್ಕವೂ ಒಂದು ಪ್ರತ್ಯೇಕ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ). ಎಂಟು ಕೋರ್‌ಗಳ ಮುಂದೆ ಸಾವಿರ ಪ್ರೊಸೆಸ್‌ಗಳು ನಿಂತರೆ, ಸರದಿ ಬದಲಿಸುವುದರಲ್ಲಿ ಮತ್ತು ಒಂದೇ ಲಾಕ್‌ಗಾಗಿ (ಒಮ್ಮೆಗೆ ಒಬ್ಬರಿಗಷ್ಟೇ ಸಿಗುವ ಬೀಗಕ್ಕಾಗಿ) ಒಬ್ಬರನ್ನೊಬ್ಬರು ಕಾಯುವುದರಲ್ಲೇ ಸಮಯ ಹೋಗುತ್ತದೆ. ಮಿತಿಯನ್ನು ಹಿಂದಕ್ಕೆ ಇಳಿಸಿ, ಮುಂದೆ ಪಿಜಿಬೌನ್ಸರ್‌ನಂತಹ ಪೂಲರ್ (ಕೆಲವೇ ಸಂಪರ್ಕಗಳನ್ನು ಹಲವರಿಗೆ ಹಂಚುವ ತಂತ್ರಾಂಶ) ಒಂದನ್ನು ಇಡಿ. ಒಮ್ಮೆಗೆ ಎಷ್ಟು ಸಂಪರ್ಕಗಳು ಸಕ್ರಿಯವಾಗಿರಬೇಕು ಎಂಬುದಕ್ಕೆ, ಕೋರ್‌ಗಳ ಸಂಖ್ಯೆಯ ಎರಡರಷ್ಟಕ್ಕೆ ಡಿಸ್ಕ್‌ಗಳ ಸಂಖ್ಯೆಯನ್ನು ಕೂಡಿಸುವುದು ಬಳಕೆಯಲ್ಲಿರುವ ಸೂತ್ರ. ನಿಮ್ಮ ಯಂತ್ರಕ್ಕೆ ಒಮ್ಮೆಗೆ 20ರ ಆಸುಪಾಸಿನಲ್ಲಿ ಸಕ್ರಿಯ ಸಂಪರ್ಕಗಳಿಂದ ಆರಂಭಿಸಿ, ಅಳೆಯುತ್ತಾ ಬದಲಿಸಿ. ಉಳಿದ ಕೋರಿಕೆಗಳು ಪೂಲರ್‌ನ ಬಾಗಿಲಲ್ಲಿ ಸಾಲು ನಿಂತರೂ ಒಟ್ಟಾರೆ ಬೇಗನೇ ಮುಗಿಯುತ್ತವೆ.

ಪ್ರಶ್ನೆ: ನಾವು ಕನ್ನಡ ಪುಸ್ತಕಗಳನ್ನು ಅಂತರ್ಜಾಲದ ಮೂಲಕ ಮಾರುತ್ತೇವೆ. ಪೋಸ್ಟ್‌ಗ್ರೆಸ್‌ನ ಭಾರ ಇಳಿಸಲು ರೆಡಿಸ್ ಕ್ಯಾಶ್ (ಪದೇ ಪದೇ ಬೇಕಾಗುವ ಮಾಹಿತಿಯ ಪ್ರತಿಯನ್ನು ಮೆಮೊರಿಯಲ್ಲಿ ಇಡುವ ತಂತ್ರಾಂಶ) ಸೇರಿಸಿ, ಎಲ್ಲ ಮಾಹಿತಿಗೂ ಒಂದು ಗಂಟೆಯ ಅವಧಿ ಕೊಟ್ಟೆವು. ಈಗ ಎರಡು ತೊಂದರೆಗಳು. ಮಾರಾಟವಾಗಿ ಹೋದ ಪುಸ್ತಕ ಇನ್ನೂ ಇದೆ ಎಂದು ಕಾಣಿಸಿ ಗ್ರಾಹಕರು ಹಣ ಕಟ್ಟುತ್ತಾರೆ; ಗಂಟೆಗೊಮ್ಮೆ ಡೇಟಾಬೇಸ್ ಒಮ್ಮೆಲೇ ಉಸಿರುಗಟ್ಟುತ್ತದೆ. (ಒಬ್ಬ ಓದುಗರು, ಧಾರವಾಡ)

ಉತ್ತರ: ಮೊದಲ ತೊಂದರೆಯ ಮೂಲ ರೆಡಿಸ್‌ನಲ್ಲಿಲ್ಲ, ಎಲ್ಲ ಮಾಹಿತಿಗೂ ಒಂದೇ ಅವಧಿ ಕೊಟ್ಟಿದ್ದರಲ್ಲಿದೆ. ಕ್ಯಾಶ್‌ಗೆ ಹಾಕುವ ಪ್ರತಿಯೊಂದು ಮಾಹಿತಿಯ ಬಗ್ಗೆಯೂ, ಇದು ಎಷ್ಟು ಹೊತ್ತು ತಪ್ಪಾಗಿದ್ದರೆ ನಡೆದೀತು ಎಂದು ಕೇಳಿಕೊಳ್ಳಬೇಕು. ಪುಸ್ತಕದ ಹೆಸರು, ಲೇಖಕರು, ಮುಖಪುಟದ ಚಿತ್ರ ಒಂದು ದಿನ ಹಳತಾದರೂ ಯಾರಿಗೂ ನಷ್ಟವಿಲ್ಲ. ಬೆಲೆ ಕೆಲವು ನಿಮಿಷ ಹಳೆಯದಿರಬಹುದು, ಆದರೆ ಹಣ ಕಟ್ಟುವ ಪುಟದಲ್ಲಿ ಹೊಸದೇ ಇರಬೇಕು. ಎಷ್ಟು ಪ್ರತಿ ಉಳಿದಿವೆ ಎಂಬುದನ್ನು ಪಟ್ಟಿಯ ಪುಟದಲ್ಲಿ ಅಂದಾಜಾಗಿ ತೋರಿಸಲು ಕ್ಯಾಶ್ ಸಾಕು. ಆರ್ಡರ್ ಸ್ವೀಕರಿಸುವ ಕ್ಷಣದಲ್ಲಿ ಮಾತ್ರ ಕ್ಯಾಶನ್ನು ಕೇಳಲೇಬಾರದು: ಉಳಿದ ಪ್ರತಿ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಒಂದು ಕಡಿಮೆ ಮಾಡು ಎಂಬ ಒಂದೇ ಅಪ್‌ಡೇಟ್ ಆದೇಶವನ್ನು ಡೇಟಾಬೇಸ್‌ಗೆ ಕೊಟ್ಟು, ಸಾಲು ಬದಲಾಗದಿದ್ದರೆ ಪುಸ್ತಕ ಮುಗಿದಿದೆ ಎಂದು ತಿಳಿಸಿ. ಗ್ರಾಹಕರ ಹಣ ತೆಗೆದುಕೊಂಡ ಮೇಲೆ ಪುಸ್ತಕವಿಲ್ಲ ಎಂದು ಹೇಳಬೇಕಾದ ಸ್ಥಿತಿಯನ್ನು ವೇಗದ ಹೆಸರಿನಲ್ಲಿ ಒಪ್ಪಿಕೊಳ್ಳಲಾಗದು.

ಮಾಹಿತಿ ಬದಲಾದಾಗ ಮೊದಲು ಡೇಟಾಬೇಸ್‌ನಲ್ಲಿ ಬದಲಿಸಿ, ಕಮಿಟ್ ಆದ (ಬದಲಾವಣೆ ಖಾಯಂ ಆದ) ಬಳಿಕ ಕ್ಯಾಶ್‌ನ ಆ ಕೀಲಿಯನ್ನು, ಅಂದರೆ ಒಂದು ಹೆಸರಿನ ಗುರುತಿನಲ್ಲಿ ಇಟ್ಟ ಆ ಮಾಹಿತಿಯನ್ನು, ಅಳಿಸಿ. ಹೊಸ ಬೆಲೆಯನ್ನು ಅಲ್ಲಿಗೆ ಬರೆಯಲು ಹೋಗಬೇಡಿ. ಇಬ್ಬರು ಒಂದೇ ಹೊತ್ತಿಗೆ ಬದಲಿಸಿದಾಗ ಡೇಟಾಬೇಸ್‌ಗೆ ಹೋದ ಕ್ರಮ ಒಂದಾಗಿ, ಕ್ಯಾಶ್‌ಗೆ ಹೋದ ಕ್ರಮ ಇನ್ನೊಂದಾದರೆ ಹಳೆಯ ಬೆಲೆ ಅಲ್ಲೇ ಉಳಿದುಬಿಡುತ್ತದೆ. ಅಳಿಸುವುದರಲ್ಲಿ ಆ ಅಪಾಯವಿಲ್ಲ. ಆದರೂ ಒಂದು ಸಣ್ಣ ಸಂದು ಉಳಿಯುತ್ತದೆ: ಒಬ್ಬರು ಹಳೆಯ ಬೆಲೆಯನ್ನು ಓದಿಕೊಂಡು ಹೊರಟಿರುವಾಗ ಇನ್ನೊಬ್ಬರು ಬದಲಿಸಿ ಅಳಿಸುತ್ತಾರೆ, ಮೊದಲಿನವರು ತಡವಾಗಿ ಬಂದು ಹಳೆಯದನ್ನೇ ಕ್ಯಾಶ್‌ನಲ್ಲಿ ಇಡುತ್ತಾರೆ. ಫೇಸ್‌ಬುಕ್‌ನ ಎಂಜಿನಿಯರುಗಳು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೊಂದು ಪರಿಹಾರವನ್ನು ವಿವರಿಸಿದ್ದಾರೆ. ಕ್ಯಾಶ್‌ನಲ್ಲಿ ಮಾಹಿತಿ ಸಿಗದಿದ್ದಾಗ ಮೆಮ್‌ಕ್ಯಾಶ್ ಎಂಬ ಕ್ಯಾಶ್ ಸರ್ವರ್ ಕೇಳಿದವರ ಕೈಗೆ ಒಂದು ಟೋಕನ್ ಕೊಡುತ್ತದೆ. ನಡುವೆ ಆ ಕೀಲಿ ಅಳಿದರೆ ಟೋಕನ್ ಅನೂರ್ಜಿತವಾಗುತ್ತದೆ, ಅದನ್ನು ಹಿಡಿದು ತಡವಾಗಿ ಬಂದವರ ಬರಹವನ್ನು ಸರ್ವರ್ ಸ್ವೀಕರಿಸುವುದಿಲ್ಲ. ನಿಮ್ಮ ಮಟ್ಟದಲ್ಲಿ ಇಷ್ಟೆಲ್ಲ ಬೇಕಿಲ್ಲ. ಬೆಲೆಯ ಅವಧಿಯನ್ನು ಚಿಕ್ಕದಾಗಿಟ್ಟರೆ ಆ ಸಂದಿನಿಂದಾಗುವ ತಪ್ಪು ತಾನಾಗಿಯೇ ಬೇಗ ಸರಿಹೋಗುತ್ತದೆ.

ಗಂಟೆಗೊಮ್ಮೆ ಬರುವ ಆಘಾತಕ್ಕೆ ಕಾರಣ ಸರಳವಾದದ್ದು. ಸರ್ವರ್ ಆರಂಭವಾದಾಗ ಒಟ್ಟಿಗೆ ತುಂಬಿದ ಕೀಲಿಗಳೆಲ್ಲ ಒಟ್ಟಿಗೇ ಅವಧಿ ಮುಗಿಸುತ್ತವೆ; ಆಗ ಜನಪ್ರಿಯ ಪುಟವೊಂದನ್ನು ನೋಡುತ್ತಿರುವ ನೂರು ಮಂದಿಯ ಪರವಾಗಿ ಒಂದೇ ಕ್ವೆರಿ ನೂರು ಬಾರಿ ಡೇಟಾಬೇಸ್‌ಗೆ ಹೋಗುತ್ತದೆ. ಅವಧಿಗೆ ಒಂದಿಷ್ಟು ಯಾದೃಚ್ಛಿಕ ಅಂತರ ಸೇರಿಸಿ, 60 ನಿಮಿಷದ ಬದಲು 50ರಿಂದ 70ರ ನಡುವೆ ಎಲ್ಲಾದರೂ ಮುಗಿಯುವಂತೆ ಮಾಡಿ. ಜೊತೆಗೆ, ಕೀಲಿ ಇಲ್ಲದಾಗ ಮೊದಲು ಬಂದ ಒಬ್ಬರು ಮಾತ್ರ ಡೇಟಾಬೇಸ್‌ಗೆ ಹೋಗಿ, ಉಳಿದವರು ಕ್ಷಣಕಾಲ ಕಾದು ಮತ್ತೆ ಕ್ಯಾಶನ್ನೇ ಕೇಳುವಂತೆ ರೆಡಿಸ್‌ನಲ್ಲಿ ಅಲ್ಪಾವಧಿಯ ಲಾಕ್ ಒಂದನ್ನು ಇಡಿ. ಮೇಲೆ ಹೇಳಿದ ಪ್ರಬಂಧದಲ್ಲೂ ಒಂದು ಕೀಲಿಗೆ 10 ಸೆಕೆಂಡಿಗೊಮ್ಮೆ ಮಾತ್ರ ಟೋಕನ್ ಕೊಡುವ ನಿಯಮವಿತ್ತು. ಆ ಒಂದು ನಿಯಮದಿಂದ, ಹೆಚ್ಚು ನೂಕುನುಗ್ಗಲಾಗುತ್ತಿದ್ದ ಕೀಲಿಗಳ ಗುಂಪೊಂದರಲ್ಲಿ ಡೇಟಾಬೇಸ್‌ಗೆ ಸೆಕೆಂಡಿಗೆ ಹೋಗುತ್ತಿದ್ದ ಗರಿಷ್ಠ ಕ್ವೆರಿಗಳು 17,000ದಿಂದ 1,300ಕ್ಕೆ ಇಳಿದವು ಎಂದು ಅವರು ದಾಖಲಿಸಿದ್ದಾರೆ.

ನೀವು ಕೇಳದಿದ್ದರೂ ಎರಡು ಮಾತು ಹೇಳಬೇಕಾಗಿದೆ. ರೆಡಿಸ್‌ಗೆ ಮೆಮೊರಿಯ ಮಿತಿ ಹೇಳದಿದ್ದರೆ ಅದು ಯಂತ್ರದ ರ‍್ಯಾಮನ್ನೆಲ್ಲ ತುಂಬುವವರೆಗೂ ಬೆಳೆಯಬಲ್ಲದು. ಮಿತಿ ಮಾತ್ರ ಹೇಳಿ, ತುಂಬಿದಾಗ ಯಾವುದನ್ನು ಬಿಡಬೇಕೆಂದು ಹೇಳದಿದ್ದರೆ ಹೊಸದನ್ನು ಬರೆಯಲು ನಿರಾಕರಿಸುತ್ತದೆ. ಎರಡನ್ನೂ ನಿಗದಿಪಡಿಸಿ. ಎರಡನೆಯದಾಗಿ, ನಿಮಗೆ ಕ್ಯಾಶ್ ಎಲ್ಲೆಲ್ಲಿ ಬೇಕು ಎಂಬುದನ್ನು ಇನ್ನೊಮ್ಮೆ ಯೋಚಿಸಿ. ಪ್ರೈಮರಿ ಕೀ (ಪ್ರತಿ ಸಾಲಿನ ವಿಶಿಷ್ಟ ಗುರುತು) ಹಿಡಿದು ಒಂದು ಪುಸ್ತಕದ ಸಾಲನ್ನು ತರುವ ಕ್ವೆರಿಯನ್ನು, ಪುಟ ಮೆಮೊರಿಯಲ್ಲಿದ್ದರೆ, ಪೋಸ್ಟ್‌ಗ್ರೆಸ್ ಒಂದು ಮಿಲಿಸೆಕೆಂಡಿಗಿಂತ ಬಹಳ ಕಡಿಮೆ ಸಮಯದಲ್ಲಿ ಮುಗಿಸುತ್ತದೆ. ರೆಡಿಸ್‌ವರೆಗೆ ನೆಟ್‌ವರ್ಕ್‌ನಲ್ಲಿ ಹೋಗಿ ಬರುವ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಅಂಥವನ್ನು ಕ್ಯಾಶ್‌ಗೆ ಹಾಕಿ ಗಳಿಸುವುದು ಅಲ್ಪ, ಹೊರಬೇಕಾದ ಹೊಣೆ ದೊಡ್ಡದು. ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಯಂತೆ ಸಾವಿರಾರು ಸಾಲು ಕೂಡಿ ಬರುವ ಫಲಿತಾಂಶಕ್ಕೆ ಕ್ಯಾಶ್ ಸಲ್ಲುತ್ತದೆ. ಅದನ್ನೂ ಪೋಸ್ಟ್‌ಗ್ರೆಸ್‌ನ ಮೆಟೀರಿಯಲೈಸ್ಡ್ ವ್ಯೂ (ಕ್ವೆರಿಯ ಫಲಿತಾಂಶವನ್ನು ಉಳಿಸಿಡುವ ಸೌಲಭ್ಯ) ಒಂದರಲ್ಲಿ ಇಟ್ಟು ಆಗಾಗ ನವೀಕರಿಸಬಹುದು.

ಮೈಎಸ್‌ಕ್ಯೂಎಲ್‌ನೊಳಗೇ ಹಿಂದೆ ಕ್ವೆರಿ ಕ್ಯಾಶ್ ಎಂಬ ಸೌಲಭ್ಯವಿತ್ತು. ಟೇಬಲ್‌ನ ಒಂದು ಸಾಲು ಬದಲಾದರೂ ಆ ಟೇಬಲ್ ಮೇಲಿನ ಎಲ್ಲ ಫಲಿತಾಂಶಗಳನ್ನೂ ಅದು ಎಸೆಯಬೇಕಿತ್ತು. ಇಡೀ ಕ್ಯಾಶ್‌ಗೆ ಒಂದೇ ಲಾಕ್ ಇದ್ದುದರಿಂದ ಕೋರ್‌ಗಳು ಹೆಚ್ಚಿದಂತೆಲ್ಲ ಅಲ್ಲಿ ಸಾಲು ಬೆಳೆಯುತ್ತಿತ್ತು. 2018ರಲ್ಲಿ ಬಂದ 8.0 ಆವೃತ್ತಿಯಲ್ಲಿ ಅದನ್ನು ತೆಗೆದೇಹಾಕಿದರು. ಡೇಟಾಬೇಸ್ ಕಟ್ಟಿದವರಿಗೇ ಕಷ್ಟವಾದ ಕೆಲಸವನ್ನು ನಾವು ಹೊರಗಿನಿಂದ ಮಾಡಲು ಹೊರಟಾಗ, ಕ್ಯಾಶ್ ಹಾಕುವ ಜಾಗಗಳನ್ನು ಬೆರಳೆಣಿಕೆಗೆ ಸೀಮಿತಗೊಳಿಸುವುದು ಕ್ಷೇಮ.

ಪ್ರಶ್ನೆ: ನಮ್ಮ ಸಂಘದ ಲೆಕ್ಕಪತ್ರದ ಸರ್ವರ್‌ಗೆ ಸಾಮಾನ್ಯ ದರ್ಜೆಯ ಎಸ್‌ಎಸ್‌ಡಿ ಹಾಕಿಸಿದೆವು. ಡಬ್ಬಿಯ ಮೇಲೆ ಸೆಕೆಂಡಿಗೆ 500 ಎಂಬಿ ಎಂದಿದ್ದರೂ ಸೆಕೆಂಡಿಗೆ ಕೆಲವು ನೂರು ಕಮಿಟ್‌ಗಳಿಗಿಂತ ಹೆಚ್ಚು ಆಗುತ್ತಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಲಾಗ್ ಫ್ಲಶ್ ಮಾಡುವ (ಬದಲಾವಣೆಗಳ ದಾಖಲೆಯನ್ನು ಡಿಸ್ಕ್‌ಗೆ ಇಳಿಸುವ) ಸೆಟ್ಟಿಂಗನ್ನು 1ರಿಂದ 2ಕ್ಕೆ ಬದಲಿಸಿದರೆ ವೇಗ ಬರುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು. ಮಾಡಬಹುದೇ? ನಮ್ಮಲ್ಲಿ ಮಳೆಗಾಲದಲ್ಲಿ ವಿದ್ಯುತ್ ಪದೇ ಪದೇ ಹೋಗುತ್ತದೆ. (ಒಬ್ಬ ಓದುಗರು, ಮಡಿಕೇರಿ)

ಉತ್ತರ: ಲೆಕ್ಕಪತ್ರದ ಸರ್ವರ್‌ನಲ್ಲಿ ಮಾಡಬೇಡಿ. ಆ ಸೆಟ್ಟಿಂಗ್ 1 ಇದ್ದಾಗ, ಕಮಿಟ್ ಆಯಿತು ಎಂದು ಹೇಳುವ ಮೊದಲು ಲಾಗ್ ಡಿಸ್ಕ್ ಸೇರಿರುತ್ತದೆ. 2 ಇದ್ದರೆ ಅದು ಆಪರೇಟಿಂಗ್ ಸಿಸ್ಟಂನ ಕೈಗೆ ಹೋಗಿ, ಡಿಸ್ಕ್‌ಗೆ ಇಳಿಯುವುದು ಸುಮಾರು ಸೆಕೆಂಡಿಗೊಮ್ಮೆ ಮಾತ್ರ. ಮೈಎಸ್‌ಕ್ಯೂಎಲ್ ಒಂದೇ ಬಿದ್ದರೆ ನಷ್ಟವಿಲ್ಲ, ಆದರೆ ವಿದ್ಯುತ್ ಹೋದರೆ ಕೊನೆಯ ಒಂದು ಸೆಕೆಂಡಿನಷ್ಟು ವ್ಯವಹಾರ ಹೋಗಬಹುದು. ರಸೀದಿ ಮುದ್ರಣವಾಗಿ ಸದಸ್ಯರ ಕೈಯಲ್ಲಿರುತ್ತದೆ, ಪುಸ್ತಕದಲ್ಲಿ ಜಮೆ ಇರುವುದಿಲ್ಲ. ಕೊಡಗಿನ ಮಳೆಗಾಲದಲ್ಲಿ ಇದು ಅಪರೂಪದ ಸಂಗತಿಯಾಗಿ ಉಳಿಯುವುದಿಲ್ಲ.

ಡಬ್ಬಿಯ ಮೇಲಿನ 500 ಎಂಬಿ ಎಂಬುದು ದೊಡ್ಡ ಕಡತವೊಂದನ್ನು ಒಂದೇ ಸಮನೆ ಓದುವ ಅಥವಾ ಬರೆಯುವ ವೇಗ. ಕಮಿಟ್ ಎಂದರೆ ಕೆಲವೇ ಕೆಬಿ ಬರೆದು, ಅದು ನಿಜವಾಗಿ ಶಾಶ್ವತ ಜಾಗ ಸೇರುವವರೆಗೆ ಕಾಯುವ ಕೆಲಸ. ಸಾಮಾನ್ಯ ಎಸ್‌ಎಸ್‌ಡಿ ಪ್ರತಿಬಾರಿಯೂ ತನ್ನ ಒಳಗಿನ ಫ್ಲ್ಯಾಶ್‌ಗೆ ಬರೆದು ಮುಗಿಸಬೇಕು. ಸರ್ವರ್ ದರ್ಜೆಯ ಎಸ್‌ಎಸ್‌ಡಿಗಳಲ್ಲಿ ಕೆಪಾಸಿಟರ್‌ಗಳಿರುತ್ತವೆ. ವಿದ್ಯುತ್ ಹೋದರೂ ತನ್ನ ತಾತ್ಕಾಲಿಕ ಮೆಮೊರಿಯಲ್ಲಿರುವುದನ್ನು ಫ್ಲ್ಯಾಶ್‌ಗೆ ಇಳಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುವುದರಿಂದ, ಬರಹ ಮೆಮೊರಿಗೆ ಬಂದ ಕೂಡಲೇ ಮುಗಿಯಿತು ಎಂದು ಧೈರ್ಯವಾಗಿ ಹೇಳಬಲ್ಲವು. ಕೊಳ್ಳುವಾಗ ವಿದ್ಯುತ್ ನಷ್ಟದ ರಕ್ಷಣೆ ಇದೆಯೇ ಎಂದು ಕೇಳಿ ಕೊಳ್ಳಿ. ಡಬ್ಬಿಯ ಮೇಲಿನ ದೊಡ್ಡ ಅಂಕಿಗಿಂತ ಇದಕ್ಕೆ ಹೆಚ್ಚು ಹಣ ಕೊಡುವುದು ಸಾರ್ಥಕ. ಯುಪಿಎಸ್ ಇರಲಿ, ಆದರೆ ಅದರ ಬ್ಯಾಟರಿ ಕೈಕೊಟ್ಟ ದಿನಕ್ಕೂ ಉತ್ತರ ಬೇಕಲ್ಲವೇ? ಮೂರು ನಾಲ್ಕು ಡಿಸ್ಕ್ ಸೇರಿಸಿ ರೈಡ್ 5 (ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವಂತೆ ಡಿಸ್ಕ್‌ಗಳನ್ನು ಜೋಡಿಸುವ ಒಂದು ಬಗೆ) ಮಾಡುವ ಸಲಹೆ ಬಂದರೆ, ಅಲ್ಲಿ ಒಂದು ಸಣ್ಣ ಬರಹಕ್ಕೆ ಎರಡು ಓದು, ಎರಡು ಬರಹ ಸೇರಿ ನಾಲ್ಕು ಕೆಲಸಗಳಾಗುತ್ತವೆ ಎಂಬುದು ನೆನಪಿರಲಿ. ಪಡಿಯಚ್ಚಿನ ಜೋಡಿಗಳ ರೈಡ್ 10ರಲ್ಲಿ ಎರಡೇ.

ಹೊಸ ಡಿಸ್ಕ್ ಬರುವವರೆಗೆ ಒಂದು ಮಾರ್ಗವಿದೆ. ತಿಂಗಳ ಬಡ್ಡಿ ಜಮೆಯಂತಹ ಕೆಲಸಗಳಲ್ಲಿ ಸದಸ್ಯರಿಗೊಂದರಂತೆ ಕಮಿಟ್ ಮಾಡದೆ, 500 ಸದಸ್ಯರ ಜಮೆಯನ್ನು ಒಂದೇ ವ್ಯವಹಾರವಾಗಿ ಕಮಿಟ್ ಮಾಡಲು ತಂತ್ರಾಂಶದವರಿಗೆ ಹೇಳಿ. ಕಾಯುವ ಸರದಿ 500ರಿಂದ ಒಂದಕ್ಕೆ ಇಳಿಯುತ್ತದೆ, ಸುರಕ್ಷತೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ಕ್ಲೌಡ್‌ನಲ್ಲಿರುವ ನಮ್ಮ ಡೇಟಾಬೇಸ್ ಬೆಳಿಗ್ಗೆ ಅರ್ಧ ಗಂಟೆ ಚುರುಕಾಗಿದ್ದು ಬಳಿಕ ಕುಸಿಯುತ್ತದೆ. ಕ್ವೆರಿಗಳಲ್ಲಿ ಬದಲಾವಣೆಯಿಲ್ಲ. ಡಿಸ್ಕ್ 100 ಜಿಬಿ. (ಒಬ್ಬ ಓದುಗರು, ಡಬ್ಲಿನ್)

ಉತ್ತರ: ಯಾವ ಸೇವೆಯೆಂದು ನೀವು ಬರೆದಿಲ್ಲ, ಆದರೆ ಅರ್ಧ ಗಂಟೆ ಎಂಬ ಸುಳಿವು ಬಹಳಷ್ಟನ್ನು ಹೇಳುತ್ತದೆ. ಕೆಲವು ಕ್ಲೌಡ್ ಡಿಸ್ಕ್‌ಗಳ ವೇಗ ಗಾತ್ರಕ್ಕೆ ತಕ್ಕಂತೆ ನಿಗದಿಯಾಗಿದ್ದು, ಅದಕ್ಕಿಂತ ಹೆಚ್ಚು ಬೇಕಾದಾಗ ಕೆಲಸವಿಲ್ಲದಾಗ ಕೂಡಿಟ್ಟ ಪುಣ್ಯದಿಂದ, ಅಂದರೆ ಕ್ರೆಡಿಟ್‌ನಿಂದ, ಖರ್ಚು ಮಾಡಬೇಕಾಗುತ್ತದೆ. ಉದಾಹರಣೆಗೆ ಅಮೆಜಾನ್‌ನ ಜಿಪಿ2 ಡಿಸ್ಕ್‌ನಲ್ಲಿ ಜಿಬಿಗೆ 3ರಂತೆ, 100 ಜಿಬಿಗೆ ಸೆಕೆಂಡಿಗೆ 300 ಓದುಬರಹಗಳು ಖಾಯಂ ಹಕ್ಕು. ಖಾತೆಯಲ್ಲಿ ಗರಿಷ್ಠ 54 ಲಕ್ಷ ಕ್ರೆಡಿಟ್‌ಗಳಿರಬಹುದು, ಅವು ಮುಗಿಯುವವರೆಗೆ 3,000ದವರೆಗೂ ಏರಬಹುದು. ಸೆಕೆಂಡಿಗೆ 3,000 ಖರ್ಚಾಗಿ 300 ಜಮೆಯಾದರೆ, 2,000 ಸೆಕೆಂಡಿನಲ್ಲಿ, ಅಂದರೆ 33 ನಿಮಿಷದಲ್ಲಿ ಖಾತೆ ಬರಿದಾಗಿ ವೇಗ ಹತ್ತನೆಯ ಒಂದು ಭಾಗಕ್ಕೆ ಬೀಳುತ್ತದೆ. ರಾತ್ರಿ ಕೆಲಸವಿಲ್ಲದಾಗ ಮತ್ತೆ ತುಂಬುವುದರಿಂದಲೇ ನಿಮಗೆ ಬೆಳಗಿನ ಚುರುಕು ಸಿಗುತ್ತಿರಬಹುದು. 2020ರ ಕೊನೆಯಲ್ಲಿ ಬಂದ ಜಿಪಿ3 ಬಗೆಯಲ್ಲಿ ಗಾತ್ರ ಎಷ್ಟೇ ಇದ್ದರೂ 3,000 ಖಾಯಂ ಆಗಿ ಸಿಗುತ್ತದೆ. ನಿಮ್ಮ ಸೇವೆಯ ನಿಗಾ ಫಲಕದಲ್ಲಿ ಉಳಿದ ಕ್ರೆಡಿಟ್‌ನ ರೇಖೆಯೊಂದಿದ್ದರೆ ತೆರೆದು ನೋಡಿ. ಡೇಟಾಬೇಸ್ ಕುಸಿಯುವ ಹೊತ್ತಿಗೇ ಅದು ಸೊನ್ನೆ ಮುಟ್ಟುತ್ತಿದ್ದರೆ ಬದಲಿಸಬೇಕಾದದ್ದು ಡಿಸ್ಕ್‌ನ ಬಗೆ ಮಾತ್ರ. ಆ ರೇಖೆ ಇಳಿಯದಿದ್ದರೆ ಕುಸಿತದ ಹೊತ್ತಿನ ಐಒಸ್ಟ್ಯಾಟ್ ವಿವರಗಳನ್ನು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಅದನ್ನು ಎತ್ತಿಕೊಳ್ಳುತ್ತೇನೆ.